ನ್ಯೂರೋಸೈನ್ಸ್ ಡಿಗ್ರಿ: ಮೂರು ವರ್ಷದ ಲೆಕ್ಕ ಸಾಲದು
(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ನಿವೃತ್ತ ಪ್ರೌಢಶಾಲಾ ಶಿಕ್ಷಕಿಯೊಬ್ಬರು ಮಾಡಿದ ಭಾಷಣ)

 

ನಾನು 32 ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವಳು. ಹಣದ ಲೆಕ್ಕ ನನ್ನ ವಿಷಯವಲ್ಲ. ಆದರೆ ಈ ಸಲ ಅರ್ಜಿಗಳನ್ನು ನೋಡಲು ಕುಳಿತಾಗ ಒಂದು ಅರ್ಜಿ ನನ್ನನ್ನು ಲೆಕ್ಕಕ್ಕೆ ಎಳೆಯಿತು. ದಕ್ಕೆಯಲ್ಲಿ ಮೀನಿನ ಕೆಲಸ ಮಾಡುವವರೊಬ್ಬರ ಮಗಳದು. ಪಿಯುಸಿಯಲ್ಲಿ ಒಳ್ಳೆಯ ಅಂಕ ಬಂದಿತ್ತು, ನೀಟ್‌ನಲ್ಲಿ ಸೀಟು ಸಿಗುವಷ್ಟು ಬರಲಿಲ್ಲ. ಒಂದು ಖಾಸಗಿ ವಿಶ್ವವಿದ್ಯಾಲಯದ ಬಿಎಸ್ಸಿ ನ್ಯೂರೋಸೈನ್ಸ್ ಸೇರಬೇಕೆಂದು ಅವಳ ಆಸೆ. ಫೀಸು, ಹಾಸ್ಟೆಲ್ ಸೇರಿ ವರ್ಷಕ್ಕೆ ಮೂರೂವರೆ ಲಕ್ಷ. ಬಡ್ಡಿಯ ಸಾಲ ಬೇಡವೆಂದು ತಾಯಿ ಬಳೆ ತೆಗೆದಿಟ್ಟಿದ್ದರು. ತಂದೆ ನನ್ನನ್ನು ಕೇಳಿದ್ದು ಒಂದೇ ಮಾತು: "ಟೀಚರೇ, ಇದು ಮುಗಿಸಿದರೆ ಮೆದುಳಿನ ಡಾಕ್ಟರ್ ಆಗ್ತಾಳಲ್ಲ?"

ಆಗುವುದಿಲ್ಲ. ಆ ದಾರಿ ಎಂಬಿಬಿಎಸ್, ಎಂಡಿ, ಡಿಎಂ. ನ್ಯೂರೋಸೈನ್ಸ್ ಎಂದರೆ ಮೆದುಳು, ನರಗಳು ಹೇಗೆ ಕೆಲಸ ಮಾಡುತ್ತವೆ ಎಂಬುದರ ಅಧ್ಯಯನ. ಬಹಳ ಒಳ್ಳೆಯ ವಿಷಯ. ಆದರೆ ಮೂರು ವರ್ಷದ ಡಿಗ್ರಿ ಹಿಡಿದು ಬಂದವರನ್ನು ವಿಜ್ಞಾನಿ ಎಂದು ಕರೆದು ಸಂಬಳ ಕೊಡುವವರು ನಮ್ಮಲ್ಲಿ ಇಲ್ಲ. ಡಿಗ್ರಿಯ ನಂತರ ಎರಡು ವರ್ಷ ಎಂಎಸ್ಸಿ, ಆಮೇಲೆ ಐದಾರು ವರ್ಷ ಪಿಎಚ್‌ಡಿ. ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಸಿಕ್ಕರೆ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ 42,000. ಅಂದರೆ ಕೈಗೆ ದುಡ್ಡು ಬರುವುದು ಆರನೇ ವರ್ಷದಿಂದ, ಅದೂ ಪರೀಕ್ಷೆ ಪಾಸಾದರೆ. ನಮ್ಮ ಸಮುದಾಯದ ಸಂಶೋಧಕರಿಗೂ ಸಿಗುತ್ತಿದ್ದ ಮೌಲಾನಾ ಆಜಾದ್ ಫೆಲೋಶಿಪ್ಪನ್ನು ಕೇಂದ್ರ ಸರ್ಕಾರ 2022ರಲ್ಲಿ ನಿಲ್ಲಿಸಿತು ಎಂಬುದನ್ನೂ ಲೆಕ್ಕದಲ್ಲಿ ಇಟ್ಟುಕೊಳ್ಳಿ.

ಇನ್ನೊಂದು ವಿಷಯ ಹೆಚ್ಚಿನವರಿಗೆ ಗೊತ್ತಿಲ್ಲ. ನ್ಯೂರೋಸೈನ್ಸಿನಲ್ಲಿ ಎಂಎಸ್ಸಿ ಮಾಡಲು ಬಿಎಸ್ಸಿಯಲ್ಲಿ ಆ ಹೆಸರೇ ಇರಬೇಕಾಗಿಲ್ಲ. ಹರಿಯಾಣದ ಮಾನೇಸರ್‌ನಲ್ಲಿರುವ ರಾಷ್ಟ್ರೀಯ ಮೆದುಳು ಸಂಶೋಧನಾ ಕೇಂದ್ರ ಬೇರೆ ಬೇರೆ ವಿಜ್ಞಾನ ಓದಿದವರನ್ನೂ ತೆಗೆದುಕೊಳ್ಳುತ್ತದೆ. ಬೆಂಗಳೂರಿನ ಐಐಎಸ್‌ಸಿಯ ನ್ಯೂರೋಸೈನ್ಸ್ ವಿಭಾಗದಲ್ಲಿ ಎಂಜಿನಿಯರಿಂಗ್ ಓದಿ ಬಂದವರೂ ಪಿಎಚ್‌ಡಿ ಮಾಡುತ್ತಾರೆ. ಹಾಗಿರುವಾಗ ಆ ಒಂದು ಹೆಸರಿಗಾಗಿ ಹತ್ತೂವರೆ ಲಕ್ಷ ಕೊಡಬೇಕೇ? ಸರ್ಕಾರಿ ಕಾಲೇಜಿನ ಬಿಎಸ್ಸಿಗೆ ಅದರಲ್ಲಿ ಒಂದು ಚಿಕ್ಕ ಪಾಲೂ ಬೇಡ.

ಹುಡುಗಿ ನನ್ನ ಮಾತನ್ನು ಸುಮ್ಮನೆ ಒಪ್ಪಲಿಲ್ಲ. "ಟೀಚರ್, ಅಲ್ಲಿ ಲ್ಯಾಬ್ ಉಂಟು. ನಮ್ಮ ಕಾಲೇಜಿನಲ್ಲಿ ಗೋಡೆಯ ಮೇಲೆ ಚಾರ್ಟ್ ಉಂಟು" ಎಂದಳು. ನಿಜ. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಆಮೇಲೆ ವಿಚಾರಿಸಿದಾಗ ತಿಳಿಯಿತು: ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯೂ ಸೇರಿ ಮೂರು ಅಕಾಡೆಮಿಗಳು ಪ್ರತಿ ವರ್ಷ ಬೇಸಿಗೆ ಸಂಶೋಧನಾ ಫೆಲೋಶಿಪ್ ಕೊಡುತ್ತವೆ. ಡಿಗ್ರಿ ಮಕ್ಕಳು ಎರಡು ತಿಂಗಳು ದೊಡ್ಡ ಪ್ರಯೋಗಾಲಯದಲ್ಲಿ ಕೆಲಸ ಕಲಿಯಬಹುದು, ಸ್ಟೈಪೆಂಡೂ ಇದೆ. ಪೈಪೋಟಿ ಜೋರು. ಆದರೂ ಅರ್ಜಿ ಹಾಕಲು ಯಾರ ಬಳೆಯೂ ಹೋಗಬೇಕಾಗಿಲ್ಲ.

ಬೇಗ ಸಂಪಾದನೆ ಬೇಕಾದ ಮನೆಗಳಿಗೆ ಬೇರೆ ದಾರಿ ಇದೆ. ನಿಮ್ಹಾನ್ಸ್‌ನಲ್ಲಿ ಬಿಎಸ್ಸಿ ಕ್ಲಿನಿಕಲ್ ನ್ಯೂರೋಫಿಸಿಯಾಲಜಿ ಟೆಕ್ನಾಲಜಿ, ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದಡಿ ಬಿಎಸ್ಸಿ ನ್ಯೂರೋಸೈನ್ಸ್ ಟೆಕ್ನಾಲಜಿ. ಇವರು ಆಸ್ಪತ್ರೆಯಲ್ಲಿ ಇಇಜಿ ಮಾಡುವವರು, ನರಗಳ ಪರೀಕ್ಷೆ ಮಾಡುವವರು. ಹೆಸರು ಹೆಚ್ಚುಕಡಿಮೆ ಒಂದೇ, ಕೆಲಸ ಪೂರ್ತಿ ಬೇರೆ. ಕೊನೆಯಲ್ಲಿ 'ಟೆಕ್ನಾಲಜಿ' ಎಂದು ಇದೆಯೇ ಇಲ್ಲವೇ ಎಂದು ದಯವಿಟ್ಟು ನೋಡಿ.

ಇನ್ನು ದಾನಿಗಳಲ್ಲಿ ಒಂದು ಮಾತು. ಹಲವು ವರ್ಷಗಳ ಹಿಂದೆ ನನ್ನ ಒಬ್ಬ ವಿದ್ಯಾರ್ಥಿಯನ್ನು ನಾನೇ ಬಿಎಸ್ಸಿಗೆ ಹೊರಡಿಸಿದೆ. ಈ ಟ್ರಸ್ಟಿನಿಂದಲೇ ಮೂರು ವರ್ಷ ಫೀಸು ಹೋಯಿತು. ಎಂಎಸ್ಸಿ ಸೀಟೂ ಸಿಕ್ಕಿತು. ಆದರೆ ನಮ್ಮ ನಿಯಮದಲ್ಲಿ ಸಹಾಯ ಡಿಗ್ರಿವರೆಗೆ ಮಾತ್ರ. ಆ ಹಣ ಎಲ್ಲಿಂದ ಬರುತ್ತದೆ ಎಂದು ನಾನು ಮೊದಲೇ ಕೇಳಿರಲಿಲ್ಲ. ಈಗ ಅವನು ಮೊಬೈಲ್ ಅಂಗಡಿ ಇಟ್ಟುಕೊಂಡಿದ್ದಾನೆ. ಮರ್ಯಾದೆಯ ದುಡಿಮೆಯೇ. ನಾನು ರೀಚಾರ್ಜ್‌ಗೆ ಹೋದರೆ ಎದ್ದು ನಿಂತು ಸಲಾಂ ಹೇಳುತ್ತಾನೆ, ದುಡ್ಡು ತೆಗೆದುಕೊಳ್ಳುವುದಿಲ್ಲ. ಅದಕ್ಕೇ ಈಗೀಗ ನಾನು ಬೇರೆ ಅಂಗಡಿಗೆ ಹೋಗುತ್ತೇನೆ.

ಮೂರು ವರ್ಷಕ್ಕೆ ಕೊಟ್ಟು ನಾಲ್ಕನೆಯ ವರ್ಷ ಕೈ ಬಿಟ್ಟರೆ ಇಂಥ ಡಿಗ್ರಿಗೆ ಕೊಟ್ಟ ಹಣ ಅರ್ಧದಲ್ಲೇ ನಿಲ್ಲುತ್ತದೆ. ಈ ವರ್ಷ ಕನಿಷ್ಠ ಇಬ್ಬರು ಎಂಎಸ್ಸಿ ಮಕ್ಕಳ ಎರಡು ವರ್ಷದ ಖರ್ಚನ್ನು ಯಾರಾದರೂ ವಹಿಸಿಕೊಳ್ಳಬೇಕೆಂದು ಕೇಳುತ್ತೇನೆ. ದಕ್ಕೆಯವರ ಮಗಳು ಸರ್ಕಾರಿ ಕಾಲೇಜು ಸೇರಿದ್ದಾಳೆ. ಇಲ್ಲೇ ಕುಳಿತಿದ್ದಾಳೆ, ಯಾರೂ ತಿರುಗಿ ನೋಡಬೇಡಿ. ಬಳೆ ತಾಯಿಯ ಕೈಯಲ್ಲೇ ಇದೆ. ಮೂರು ವರ್ಷದ ನಂತರ ಅವಳಿಗೆ ಆ ಹಣ ಬೇಕಾಗುತ್ತದೆ.

ಪೋಷಕರೇ, ಹೊಸ ಅರ್ಜಿಯಲ್ಲಿ ಒಂದು ಕಲಂ ಸೇರಿಸಿದ್ದೇವೆ: ಡಿಗ್ರಿ ಮುಗಿದ ಮೇಲೆ ಏನು, ಅದಕ್ಕೆ ಹಣ ಎಲ್ಲಿಂದ? ಖಾಲಿ ಬಿಡಬೇಡಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದೇ ಬರೆಯಿರಿ. ಲುಹರ್ ನಮಾಝಿನ ನಂತರ ನಾನು ಕಚೇರಿಯ ಮೇಜಿನ ಹತ್ತಿರ ಇರುತ್ತೇನೆ. ಅಂಕಪಟ್ಟಿಯ ಜೆರಾಕ್ಸ್ ತನ್ನಿ.