ಕಾಯಿದೆಯೂ ಬೀಡಿಯ ಕಸಬೂ

ಬಂಟ್ವಾಳದಿಂದ ಸಿದ್ದಕಟ್ಟೆಯ ಮಾರ್ಗವಾಗಿ ಮೂಡಬಿದರೆಗೂ, ಅಲ್ಲಿಂದ ವೇಣೂರು ಗುರುವಾಯನಕೆರೆಗಳ ಮೇಲೆ ಬೆಳ್ತಂಗಡಿಗೂ ಬಸ್ಸಿನಲ್ಲಿ ಹೋಗುವವರಿಗೆ ಮೊದಲು ಕಣ್ಣಿಗೆ ಬೀಳುವುವು ಅಡಕೆಯ ತೋಟಗಳು ಮತ್ತು ಬಸದಿಗಳು. ಸಾವಿರ ಕಂಬದ ಬಸದಿಯನ್ನೂ ವೇಣೂರಿನ ಗೊಮ್ಮಟನನ್ನೂ ಕುರಿತು ನಮಗಿಂತ ಬಲ್ಲವರು ಬೇಕಾದಷ್ಟು ಹೇಳಿರುವರು. ನಾವು ಹೇಳಹೊರಟಿರುವುದು ಅದೇ ಹಾದಿಯ ಮನೆಗಳ ಜಗಲಿಯಲ್ಲಿ ಮೊರವನ್ನು ತೊಡೆಯ ಮೇಲಿಟ್ಟುಕೊಂಡು, ತಲೆ ಬಗ್ಗಿಸಿ ಕುಳಿತಿರುವ ಹೆಂಗಸರ ಕಸಬಿನ ವಿಚಾರ.

ಬೀಡಿಗೆ ಬೇಕಾದದ್ದು ಮೂರೇ ವಸ್ತು: ಎಲೆ, ಹೊಗೆಸೊಪ್ಪು, ನೂಲು. ಸೋಜಿಗವೆಂದರೆ ಈ ಮೂರರಲ್ಲಿ ಒಂದೂ ಆ ಸೀಮೆಯದಲ್ಲ. ತೆಂಡು ಎಲೆಯು ಮಧ್ಯ ಪ್ರದೇಶ, ಛತ್ತೀಸಗಢ, ಒಡಿಶಾಗಳ ಕಾಡುಗಳಿಂದ ಬರಬೇಕು. ಹೊಗೆಸೊಪ್ಪು ನಿಪ್ಪಾಣಿಯಿಂದಲೂ ಗುಜರಾತಿನಿಂದಲೂ ಬರಬೇಕು. ಊರಿನದೆಂದರೆ ಕಟ್ಟುವವರ ಬೆರಳು ಮಾತ್ರ. ಆದಕಾರಣ ಈ ಕಸಬು ಎಲ್ಲಿಯ ಸರ್ಕಾರ ಏನು ಮಾಡಿದರೂ ನಡುಗುವಂಥದು. 1964ರಲ್ಲಿ ಮಧ್ಯ ಪ್ರದೇಶದ ಸರ್ಕಾರವು ತೆಂಡು ಎಲೆಯ ವ್ಯಾಪಾರವನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ಅಲ್ಲಿಂದ ಮುಂದೆ ಅಲ್ಲಿನ ಎಲೆಯ ಬೆಲೆಯನ್ನು ಕಾಡಿನ ಕಂತ್ರಾಟುದಾರನೊಡನೆ ಚೌಕಾಶಿ ಮಾಡಿ ಗೊತ್ತುಮಾಡುವಂತಿರಲಿಲ್ಲ. ಅರ್ಥಶಾಸ್ತ್ರದ ತರಗತಿಯಲ್ಲಿ ನಾವು ಕರಿಹಲಗೆಯ ಮೇಲೆ ಎರಡು ಗೆರೆಗಳನ್ನೆಳೆದು, ಸುಂಕದ ಭಾರ ಇಷ್ಟು ಕೊಳ್ಳುವವನ ಮೇಲೆ, ಇಷ್ಟು ಮಾರುವವನ ಮೇಲೆ ಎಂದು ತೋರಿಸಿಬಿಡುತ್ತೇವೆ. ಆ ಎರಡು ಗೆರೆಗಳ ನಡುವೆ ಮೊರ ಹಿಡಿದವಳಿಗೆ ಜಾಗವಿರುವುದಿಲ್ಲ.

ಕಾಯಿದೆಯೊಂದು ವ್ಯಾಪಾರವನ್ನು ಹೇಗೆ ಎತ್ತಿ ಬೇರೆಡೆಯಲ್ಲಿ ಇಡುತ್ತದೆಂಬುದಕ್ಕೆ 1966ರ ಬೀಡಿ ಮತ್ತು ಸಿಗಾರು ಕಾರ್ಮಿಕರ ಕಾಯಿದೆಗಿಂತ ಸ್ಪಷ್ಟವಾದ ನಿದರ್ಶನವನ್ನು ನಾವು ಕಾಣೆವು. ಕಾಯಿದೆಯ ಉದ್ದೇಶ ಸಾಧುವಾದದ್ದು. ಕೆಲಸದ ಸ್ಥಳಕ್ಕೆ ಲೈಸೆನ್ಸು ಬೇಕು, ಕೆಲಸದ ಹೊತ್ತಿಗೆ ಮಿತಿ ಬೇಕು, ಸಂಬಳ ಸಹಿತ ರಜೆ ಬೇಕು, ಮನೆಯಲ್ಲಿ ಕುಳಿತು ಕಟ್ಟುವವರೂ ಕಾರ್ಮಿಕರೇ ಎಂದು ಅದು ವಿಧಿಸಿತು. ಇದನ್ನು ಜಾರಿಗೆ ತರುವ ಹೊಣೆ ರಾಜ್ಯಗಳದಾಯಿತು. ಕೇರಳವು 1968ರ ಅಕ್ಟೋಬರಿನಲ್ಲಿ ಇದನ್ನು ನಿಷ್ಠುರವಾಗಿ ಜಾರಿಗೆ ತಂದಿತು. ಆಗ ಕಾಸರಗೋಡನ್ನೂ ಒಳಗೊಂಡಿದ್ದ ಕಣ್ಣೂರು ಜಿಲ್ಲೆಯಲ್ಲಿ ಗಂಡಸರು ಸಾಲಾಗಿ ಕೊಟ್ಟಿಗೆಗಳಲ್ಲಿ ಕುಳಿತು ಬೀಡಿ ಕಟ್ಟುತ್ತಿದ್ದರು. ಒಬ್ಬನು ಎಲ್ಲರಿಗೂ ಕೇಳಿಸುವಂತೆ ವೃತ್ತಪತ್ರಿಕೆ ಓದುತ್ತಿದ್ದನು. ಓದುವವನ ಪಾಲಿನ ಬೀಡಿಯನ್ನು ಉಳಿದವರು ಕಟ್ಟಿಕೊಡುವರು. ಇಂಥ ಜನ ಕಾಯಿದೆಯ ಹಕ್ಕನ್ನು ಕೇಳದೆ ಬಿಡುವರೆ? ಮಂಗಳೂರಿನ ದೊಡ್ಡ ಕಂಪೆನಿಯೊಂದು ಲೆಕ್ಕ ಹಾಕಿ ನೋಡಿ ಅಲ್ಲಿನ ತನ್ನ ಬ್ರಾಂಚುಗಳನ್ನು ಮುಚ್ಚಿತು. ಸುಮಾರು 12,000 ಮಂದಿ ಕೆಲಸವಿಲ್ಲದವರಾದರು. ಅವರ ಸಲುವಾಗಿ 1969ರ ಫೆಬ್ರವರಿಯಲ್ಲಿ ದಿನೇಶ್ ಬೀಡಿಯ ಸಹಕಾರ ಸಂಘ ಹುಟ್ಟಿತು.

ಮುಚ್ಚಿದ ಬ್ರಾಂಚಿನ ಕೆಲಸ ಇಲ್ಲವಾಗಲಿಲ್ಲ; ಗಡಿಯಿಂದ ಈಚೆಗೆ ಬಂದಿತು. ಇಲ್ಲಿ ಕೊಟ್ಟಿಗೆಯೂ ಇಲ್ಲ, ಓದುವವನೂ ಇಲ್ಲ. ಮನೆಮನೆಯಲ್ಲಿ ಚೆದರಿ ಕುಳಿತ ಹೆಂಗಸರು. ಅವರ ಮತ್ತು ಕಂಪೆನಿಯ ನಡುವೆ ಒಬ್ಬ ಕಂತ್ರಾಟುದಾರ. ವಿಟ್ಲವೆಂದರೇನು, ಶಿರ್ತಾಡಿಯೆಂದರೇನು, ಎಲ್ಲೆಡೆಯೂ ಒಂದೇ ಏರ್ಪಾಡು. ಎಲೆಯನ್ನು ತಂದು ನೆನೆಯಿಸಿ, ಕತ್ತರಿಸಿ, ಕಟ್ಟಿ, ಸಂಜೆಯ ಹೊತ್ತಿಗೆ ಬ್ರಾಂಚಿಗೆ ಒಯ್ದರೆ, ಅಲ್ಲಿ ಎಣಿಸುವವನು ಕೆಲವು ಬೀಡಿಗಳನ್ನು ಹೊರಗೆ ಹಾಕುತ್ತಾನೆ. ಇಂತಿಷ್ಟಕ್ಕಿಂತ ಹೆಚ್ಚು ತಿರಸ್ಕರಿಸಬಾರದೆಂದು ನಿಯಮ ಇಲ್ಲದೆ ಇರಲಿಲ್ಲ. ಆದರೆ ಕತ್ತಲಾಗುವ ಮುನ್ನ ಮನೆ ಸೇರಬೇಕಾದವಳು ನಿಯಮದ ಪುಸ್ತಕವನ್ನು ಯಾರಿಗೆ ತೋರಿಸಬೇಕು?

ಹಾಗೆಂದು ಕಾಯಿದೆಯಿಂದ ಏನೂ ಆಗಲಿಲ್ಲವೆನ್ನುವುದು ಅನ್ಯಾಯ. ಬೀಡಿಯ ಧಣಿಗಳು ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1974ರಲ್ಲಿ ಕಾಯಿದೆಯನ್ನು ಎತ್ತಿಹಿಡಿಯಿತು. ಆ ಮೊಕದ್ದಮೆಗೆ ಮಂಗಳೂರಿನ ಕಂಪೆನಿಯ ಹೆಸರೇ ಇರುವುದನ್ನು ಕಾನೂನು ಓದುವ ವಿದ್ಯಾರ್ಥಿಗಳು ಬಲ್ಲರು. 1976ರಲ್ಲಿ ಕಾರ್ಮಿಕರ ಕ್ಷೇಮನಿಧಿಯೂ ಅದಕ್ಕಾಗಿ ಬೀಡಿಯ ಮೇಲೆ ಒಂದು ಸಣ್ಣ ಕರವೂ ಬಂದುವು. 1977ರಲ್ಲಿ ಭವಿಷ್ಯನಿಧಿಯನ್ನು ಈ ಉದ್ಯಮಕ್ಕೂ ವಿಸ್ತರಿಸಿದರು. ಮನೆಯಲ್ಲಿ ಕಟ್ಟುವವಳು ನಮ್ಮ ನೌಕರಳಲ್ಲವೆಂಬ ಧಣಿಗಳ ವಾದವನ್ನು 1985ರಲ್ಲಿ ಸರ್ವೋಚ್ಚ ನ್ಯಾಯಾಲಯವು ತಳ್ಳಿಹಾಕಿತು. 1974ರ ಭೂಸುಧಾರಣೆಯಿಂದ ಒಕ್ಕಲುಗಳಿಗೆ ತುಂಡು ಭೂಮಿ ದಕ್ಕಿದ ಈ ತಾಲ್ಲೂಕುಗಳಲ್ಲಿ, ಗದ್ದೆ ಅಕ್ಕಿಯನ್ನು ಕೊಟ್ಟರೆ ಬೀಡಿ ರೊಕ್ಕವನ್ನು ಕೊಟ್ಟಿತು. ಮಗಳ ಮದುವೆಗೆ, ಮನೆಯ ಹಂಚಿಗೆ ಭವಿಷ್ಯನಿಧಿಯ ಹಣ ಒದಗಿತು.

ಇಷ್ಟರಲ್ಲಿ ಸರ್ಕಾರದ ಇನ್ನೊಂದು ಕೈ ಕೆಲಸ ಮಾಡತೊಡಗಿತು. ಹೊಗೆಸೊಪ್ಪು ಪ್ರಾಣಾಂತಕವೆಂಬ ವಿಷಯದಲ್ಲಿ ವೈದ್ಯರಲ್ಲಿ ಭಿನ್ನಾಭಿಪ್ರಾಯವಿಲ್ಲ. ಬೀಡಿ ಸೇದುವವರು ಬಹುಮಟ್ಟಿಗೆ ಬಡವರೇ ಎಂಬುದೂ ದಿಟ. 2003ರ ಕಾಯಿದೆಯಿಂದ ಜಾಹೀರಾತುಗಳು ನಿಂತುವು, 2009ರಿಂದ ಕಟ್ಟುಗಳ ಮೇಲೆ ಎಚ್ಚರಿಕೆಯ ಚಿತ್ರ ಬಂದಿತು, 2016ರ ಏಪ್ರಿಲಿನಿಂದ ಆ ಚಿತ್ರವೂ ಬರಹವೂ ಕಟ್ಟಿನ ಶೇಕಡ 85 ಭಾಗವನ್ನು ಆಕ್ರಮಿಸಬೇಕೆಂದಾಯಿತು. ಕರ್ನಾಟಕದ ಉಚ್ಚ ನ್ಯಾಯಾಲಯವು 2017ರ ಡಿಸೆಂಬರಿನಲ್ಲಿ ಆ ನಿಯಮವನ್ನು ರದ್ದುಮಾಡಿದರೆ, ಮರುತಿಂಗಳೇ ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆಯಾಜ್ಞೆ ಕೊಟ್ಟಿತು. ಆ 2017ರ ಜುಲೈಯಲ್ಲಿಯೇ ಬೀಡಿಯ ಮೇಲೆ ಶೇಕಡ 28ರ ಜಿ.ಎಸ್.ಟಿ. ಕುಳಿತು, ಕ್ಷೇಮನಿಧಿಯ ಹಳೆಯ ಕರ ರದ್ದಾಯಿತು. 2025ರ ಸೆಪ್ಟೆಂಬರಿನಲ್ಲಿ ಮಂಡಲಿಯು 28ನ್ನು 18ಕ್ಕೂ, ಎಲೆಯ ಮೇಲಿನ 18ನ್ನು 5ಕ್ಕೂ ಇಳಿಸಲು ನಿರ್ಣಯಿಸಿತು. ಅದೇ ವರ್ಷದ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು, 1966ರ ಕಾಯಿದೆ ಅವುಗಳಲ್ಲಿ ಲೀನವಾಯಿತು.

ಬೀಡಿ ಕಡಮೆಯಾಗಬಾರದೆಂದು ನಾವು ವಾದಿಸಲಾರೆವು. ನಮ್ಮ ಬಂಧುಗಳಲ್ಲಿಯೇ ಆ ಹೊಗೆಗೆ ಬಲಿಯಾದವರುಂಟು. ಆದರೆ ಸಿಗರೇಟಿನ ಕಾರ್ಖಾನೆ ನಿಂತರೆ ಯಂತ್ರ ನಿಂತೀತು. ಬೀಡಿ ನಿಂತರೆ ನಿಲ್ಲುವುದು ಕೈ. ಕಂಪೆನಿಗೆ ಬೇರೆ ವ್ಯಾಪಾರವುಂಟು, ಸರ್ಕಾರಕ್ಕೆ ಬೇರೆ ಕರವುಂಟು. ಮೂವತ್ತು ವರ್ಷ ಬಗ್ಗಿದ ಕತ್ತಿಗೆ ಬೇರೆ ಯಾವ ಕಸಬನ್ನು ಕೊಡಬೇಕೆಂಬುದನ್ನು ಎಚ್ಚರಿಕೆಯ ಚಿತ್ರ ಬರೆಯಿಸಿದ ಇಲಾಖೆಯೂ ಗೊತ್ತುಮಾಡಲಿಲ್ಲ, ಕ್ಷೇಮನಿಧಿಯ ಇಲಾಖೆಯೂ ಗೊತ್ತುಮಾಡಲಿಲ್ಲ.

ಬೀಡಿ ಕಾರ್ಮಿಕರ ಮಕ್ಕಳಿಗೆ ಒಂದು ವಿದ್ಯಾರ್ಥಿವೇತನವುಂಟು. ಅದರ ಅರ್ಜಿಯನ್ನು ಹಿಡಿದು ಕಾಲೇಜಿನಲ್ಲಿ ನಮ್ಮ ಬಳಿಗೆ ಬರುವವರಲ್ಲಿ ಹುಡುಗಿಯರೇ ಹೆಚ್ಚು. ಬೆಳ್ತಂಗಡಿಯ ಕಡೆಯ ಒಬ್ಬಳನ್ನು, ನಿನಗೂ ಕಟ್ಟಲು ಬರುತ್ತದೆಯೇನಮ್ಮ ಎಂದು ಕೇಳಿದೆವು. “ಬರ್ತದೆ ಸರ್. ಆದ್ರೆ ಪರೀಕ್ಷೆ ಇರುವಾಗ ಅಮ್ಮ ಮೊರ ಮುಟ್ಟಲಿಕ್ಕೆ ಬಿಡುವುದಿಲ್ಲ” ಎಂದಳು. ಪರೀಕ್ಷೆ ಇಲ್ಲದಾಗ ಎಷ್ಟು ಕಟ್ಟುತ್ತೀ ಎಂದು ಕೇಳಲು ನಮಗೆ ಬಾಯಿ ಬರಲಿಲ್ಲ. ರುಜು ಹಾಕಿ ಕೊಟ್ಟೆವು.