ಜಮಖಂಡಿಯ ಹಳದಿ ಗೆರೆ



ಗ್ಯಾಸ್ ಒಲೆಯ ಮೇಲೆ ಸಾರು ಉಕ್ಕಿ ಬರ್ನರಿಗೆ ಚೆಲ್ಲಿದರೆ ಏನಾಗುತ್ತದೆಂದು ನೀವೆಲ್ಲ ನೋಡಿದ್ದೀರಿ. ಅಲ್ಲಿಯವರೆಗೆ ನೀಲಿಯಾಗಿ ಉರಿಯುತ್ತಿದ್ದ ಜ್ವಾಲೆ ತಟ್ಟನೆ ಹಳದಿಗೆ ತಿರುಗುತ್ತದೆ. ಆ ಹಳದಿ ಬೇಳೆಯದಲ್ಲ, ಮೆಣಸಿನಕಾಯಿಯದೂ ಅಲ್ಲ. ಅದು ಉಪ್ಪಿನಲ್ಲಿರುವ ಸೋಡಿಯಂ ಎಂಬ ಧಾತುವಿನ ಬಣ್ಣ. ಊರಲ್ಲಿ ನಾವು ಉಪ್ಪು ಎನ್ನುವುದನ್ನು ಇಲ್ಲಿ ವೆರ್ಣಾದ ಅಂಗಡಿಯಲ್ಲಿ ‘ಮೀಟ್’ ಎಂದು ಕೇಳಿ ಕೊಳ್ಳುತ್ತೇವೆ. ಹೆಸರು ಎರಡು, ಉರಿಯಲ್ಲಿ ಬಣ್ಣ ಒಂದೇ.

ಹೀಗೆ ಬಣ್ಣ ನೋಡಿ ವಸ್ತುವನ್ನು ಗುರುತು ಹಿಡಿಯುವುದು ನಿಮ್ಮಲ್ಲಿ ಕೆಲವರಿಗೆ ದಿನದ ಕೆಲಸವೇ ಆಗಿದೆ. ಔಷಧ ಕಾರ್ಖಾನೆಗಳ ಪರೀಕ್ಷಾ ಕೊಠಡಿಯಲ್ಲಿ ದುಡಿಯುವವರಿಗೆ ಫ್ಲೇಮ್ ಫೋಟೋಮೀಟರ್ ಎಂಬ ಯಂತ್ರ ಗೊತ್ತು. ದ್ರಾವಣವನ್ನು ಉರಿಗೆ ಸಿಂಪಡಿಸಿ, ಹೊಮ್ಮುವ ಬಣ್ಣದ ಬೆಳಕನ್ನು ಅಳೆದು, ಇದರಲ್ಲಿ ಸೋಡಿಯಂ ಇಷ್ಟು, ಪೊಟ್ಯಾಸಿಯಂ ಇಷ್ಟು ಎಂದು ಅದು ಹೇಳುತ್ತದೆ. ಇದೇ ಉಪಾಯದಿಂದ ಮುಟ್ಟಲಾಗದ, ಹೋಗಿ ಬರಲಾಗದ ನಕ್ಷತ್ರಗಳಲ್ಲಿ ಏನಿದೆ ಎಂದು ತಿಳಿಯುತ್ತಾರೆ. ಇಂದು ಆ ಮಾತನ್ನೇ ಆಡಬೇಕೆಂದಿದ್ದೇನೆ. ಇದರಲ್ಲಿ ನಮ್ಮ ಜಮಖಂಡಿಗೂ ಒಂದು ಪಾಲು ಇದೆ. ಬಾಗಲಕೋಟೆ, ವಿಜಯಪುರದ ಕಡೆಯಿಂದ ದುಡಿಯಲು ಗೋವೆಗೆ ಬಂದ ನೀವು ಇದನ್ನು ತಿಳಿದಿರಬೇಕೆಂದು ನನ್ನ ಆಸೆ.

ಫ್ರಾನ್ಸಿನ ತತ್ವಜ್ಞಾನಿ ಆಗಸ್ಟ್ ಕೋಂಟ್ 1835ರಲ್ಲಿ ಒಂದು ಮಾತು ಬರೆದ. ನಕ್ಷತ್ರಗಳ ದೂರವನ್ನು, ಗಾತ್ರವನ್ನು, ಚಲನೆಯನ್ನು ನಾವು ತಿಳಿಯಬಹುದು. ಆದರೆ ಅವು ಯಾವ ವಸ್ತುವಿನಿಂದ ಆಗಿವೆ ಎಂಬುದನ್ನು ಎಂದೆಂದಿಗೂ ತಿಳಿಯಲಾರೆವು ಎಂದು. ಅವನ ಮಾತು ಆಗ ಸರಿಯಾಗಿಯೇ ಕಂಡಿರಬೇಕು. ತುಣುಕು ಕೈಗೆ ಸಿಗದೆ ಪರೀಕ್ಷೆ ಮಾಡುವುದು ಹೇಗೆ? ಆದರೆ ಉತ್ತರಕ್ಕೆ ಬೇಕಾದ ಸಾಮಗ್ರಿ ಆಗಲೇ ಸಿದ್ಧವಾಗಿತ್ತು. ಜರ್ಮನಿಯಲ್ಲಿ ಗಾಜು ತಯಾರಿಸುತ್ತಿದ್ದ ಫ್ರಾನ್‌ಹೋಫರ್ 1814ರಲ್ಲಿ ಸೂರ್ಯನ ಬೆಳಕನ್ನು ಮೂರು ಮುಖದ ಗಾಜಿನ ಪಟ್ಟಕದಲ್ಲಿ ಹಾಯಿಸಿ ನೋಡಿದ್ದ. ಕಾಮನಬಿಲ್ಲಿನ ಬಣ್ಣಗಳ ಪಟ್ಟಿ ಬಂತು. ಇದನ್ನೇ ರೋಹಿತ ಎನ್ನುತ್ತೇವೆ. ಆ ಪಟ್ಟಿಯ ಉದ್ದಕ್ಕೂ ಐನೂರಕ್ಕೂ ಮಿಕ್ಕಿ ಕಪ್ಪು ಗೆರೆಗಳಿದ್ದವು. ಏಕೆ ಎಂದು ಅವನಿಗೆ ತಿಳಿಯಲಿಲ್ಲ. ಮುಂದೆ 1859ರಲ್ಲಿ ಹೈಡೆಲ್‌ಬರ್ಗಿನ ಕಿರ್ಕಾಫ್ ಮತ್ತು ಬುನ್ಸೆನ್ ಅದರ ಗುಟ್ಟನ್ನು ಬಿಡಿಸಿದರು.

ಗುಟ್ಟು ಏನೆಂದರೆ, ಕಾದ ಅನಿಲದಲ್ಲಿ ಪ್ರತಿಯೊಂದು ಧಾತುವೂ ತನ್ನದೇ ಆದ ಕೆಲವು ಬಣ್ಣಗಳನ್ನು ಮಾತ್ರ ಹೊಮ್ಮಿಸುತ್ತದೆ. ಅದೇ ಧಾತು, ತನಗಿಂತ ಬಿಸಿಯಾದ ಕಡೆಯಿಂದ ಬರುವ ಬೆಳಕಿಗೆ ಅಡ್ಡ ನಿಂತರೆ, ಅವೇ ಬಣ್ಣಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಅನಮೋಡ ಘಾಟಿನಲ್ಲಿಯೋ ಪೋಳೆಂನಲ್ಲಿಯೋ ಚೆಕ್‌ಪೋಸ್ಟ್ ದಾಟಿ ಬಂದವರಿಗೆ ಇದನ್ನು ವಿವರಿಸುವುದು ಸುಲಭ. ಒಂದು ನಾಕಾದಲ್ಲಿ ಮರಳಿನ ಲಾರಿಗಳನ್ನಷ್ಟೇ ತಡೆಯುತ್ತಾರೆ, ಇನ್ನೊಂದರಲ್ಲಿ ದನ ಸಾಗಿಸುವ ಗಾಡಿಗಳನ್ನಷ್ಟೇ ತಡೆಯುತ್ತಾರೆ ಎಂದುಕೊಳ್ಳಿ. ಈಚೆ ಕುಳಿತ ನೀವು ನಾಕಾವನ್ನು ನೋಡಬೇಕಾಗಿಲ್ಲ. ಬಂದ ಗಾಡಿಗಳಲ್ಲಿ ಯಾವ ಬಗೆಯದು ಕಾಣಲಿಲ್ಲ ಎಂಬುದರಿಂದಲೇ ದಾರಿಯಲ್ಲಿ ಯಾವ ನಾಕಾ ಇತ್ತೆಂದು ಹೇಳಬಹುದು. ಸೂರ್ಯನ ಒಳಗಿನಿಂದ ಹೊರಟ ಬೆಳಕು ಅವನ ಮೇಲ್ಪದರದ ಅನಿಲವನ್ನು ದಾಟುವಾಗ ಸೋಡಿಯಂ ತನ್ನ ಹಳದಿಯನ್ನು ತಡೆಯಿತು, ಕಬ್ಬಿಣ ತನ್ನ ನೂರಾರು ಬಣ್ಣಗಳನ್ನು ತಡೆಯಿತು. ಆ ಜಾಗಗಳಲ್ಲಿ ಕಪ್ಪು ಗೆರೆ ಉಳಿಯಿತು. ಸೂರ್ಯನಲ್ಲಿಯೂ ಉಪ್ಪಿನ ಸೋಡಿಯಂ ಇದೆ, ಗೋವೆಯ ಗಣಿಗಳಲ್ಲಿ ಅಗೆದಂಥ ಕಬ್ಬಿಣ ಇದೆ ಎಂದು ಹೀಗೆ ತಿಳಿಯಿತು. ಕೋಂಟ್ ತೀರಿಕೊಂಡು ಆಗ ಎರಡೇ ವರ್ಷವಾಗಿತ್ತು.

ಈಗ ಜಮಖಂಡಿಗೆ ಬರೋಣ. 1868ರ ಆಗಸ್ಟ್ 18ರಂದು ಸಂಪೂರ್ಣ ಸೂರ್ಯಗ್ರಹಣ. ಅದರ ನೆರಳು ನಮ್ಮ ಉತ್ತರ ಕರ್ನಾಟಕದ ಮೇಲೆ ಹಾಯ್ದು ಗುಂಟೂರು, ಮಚಲಿಪಟ್ಟಣದ ಕಡೆಗೆ ಹೋಗುವುದಿತ್ತು. ಗ್ರಹಣದ ಹೊತ್ತಿಗೆ ಸೂರ್ಯನ ಅಂಚಿನಲ್ಲಿ ಕೆಂಪು ಜ್ವಾಲೆಗಳಂಥ ಚಾಚುಗಳು ಕಾಣುತ್ತವೆಂದು ಮೊದಲೇ ಗೊತ್ತಿತ್ತು. ಅವು ಏನು ಎಂಬುದೇ ಪ್ರಶ್ನೆ. ಫ್ರಾನ್ಸಿನ ಜಾನ್ಸೆನ್ ಗುಂಟೂರಿಗೆ ಬಂದ. ಮದರಾಸಿನ ಪಾಗ್ಸನ್ ಮಚಲಿಪಟ್ಟಣಕ್ಕೆ ಹೋದ. ಪಟವರ್ಧನರ ಸಂಸ್ಥಾನವಾಗಿದ್ದ ಜಮಖಂಡಿಗೆ ಭೂಮಾಪನ ಇಲಾಖೆಯ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಬಂದ. ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲನ ಮೊಮ್ಮಗ ಈತ. ಲಂಡನ್ನಿನ ರಾಯಲ್ ಸೊಸೈಟಿ ರೋಹಿತದರ್ಶಕವನ್ನು ಕಳಿಸಿಕೊಟ್ಟಿತ್ತು.

ಮಳೆಗಾಲ. ಮೋಡ ಬಂದು ಹೋಗಿ ಮಾಡುತ್ತಿತ್ತು. ಕತ್ತಲೆ ಇರುವುದು ಸುಮಾರು ಐದು ನಿಮಿಷ. ಅದರಲ್ಲಿ ಮೋಡ ತಿಂದದ್ದು ಎಷ್ಟೋ. ಮೋಡ ಸರಿದ ಚೂರು ಹೊತ್ತಿನಲ್ಲಿ ಹರ್ಷೆಲ್ ಒಂದು ಚಾಚಿನ ಮೇಲೆ ದೂರದರ್ಶಕವನ್ನು ನಿಲ್ಲಿಸಿ ಕಣ್ಣಿಟ್ಟ. ಮೂರು ಹೊಳೆಯುವ ಗೆರೆಗಳು ಕಂಡವು: ಒಂದು ಕೆಂಪು, ಒಂದು ಕಿತ್ತಳೆ, ಒಂದು ನೀಲಿ. ಕಾಮನಬಿಲ್ಲಿನಂಥ ಪಟ್ಟಿ ಇರಲೇ ಇಲ್ಲ. ಅಂದರೆ ಆ ಚಾಚುಗಳು ಉರಿಯುವ ಅನಿಲ ಎಂಬುದು ಅಲ್ಲಿಯೇ ನಿಶ್ಚಯವಾಯಿತು. ಕೆಂಪು, ನೀಲಿ ಗೆರೆಗಳು ಜಲಜನಕದವು. ಕಿತ್ತಳೆ ಹಳದಿಯ ಗೆರೆ? ಅಳೆದು ನೋಡಿ, ಇದು ಸೋಡಿಯಂನದು ಎಂದುಕೊಂಡ. ನಮ್ಮ ಸಾರಿನ ಉಪ್ಪಿನ ಬಣ್ಣ!

ಅದು ಉಪ್ಪಿನದಾಗಿರಲಿಲ್ಲ. ಸೋಡಿಯಂನ ಜೋಡಿ ಗೆರೆಗಳು 589.0 ಮತ್ತು 589.6 ನ್ಯಾನೋಮೀಟರಿನಲ್ಲಿವೆ. ಸೂರ್ಯನ ಚಾಚಿನಲ್ಲಿ ಕಂಡದ್ದು 587.6ರಲ್ಲಿತ್ತು. ಒಂದು ನ್ಯಾನೋಮೀಟರ್ ಎಂದರೆ ಒಂದು ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲು. ಮೋಡದ ಸಂದಿಯಲ್ಲಿ, ಓಡುವ ನಿಮಿಷಗಳಲ್ಲಿ ಇಷ್ಟು ಅಂತರ ಸಿಗದಿದ್ದುದರಲ್ಲಿ ಆಶ್ಚರ್ಯವೇನೂ ಇಲ್ಲ. ಗುಂಟೂರಿನಲ್ಲಿ ಜಾನ್ಸೆನ್ ಮರುದಿನ ಗ್ರಹಣವಿಲ್ಲದೆಯೇ ಆ ಹೊಳೆಯುವ ಗೆರೆಗಳನ್ನು ನೋಡುವ ಉಪಾಯ ಕಂಡುಕೊಂಡ. ಅದೇ ಉಪಾಯವನ್ನು ಸ್ವತಂತ್ರವಾಗಿ ಕಂಡುಕೊಂಡ ಇಂಗ್ಲೆಂಡಿನ ಲಾಕ್ಯರ್ ಅಕ್ಟೋಬರ್ 20ರಂದು ನಿಧಾನವಾಗಿ ಅಳೆದು, ಈ ಹಳದಿ ಸೋಡಿಯಂನ ಜಾಗದಲ್ಲಿ ಇಲ್ಲ ಎಂದು ತೋರಿಸಿದ. ಭೂಮಿಯ ಮೇಲೆ ಯಾರೂ ಕಾಣದ ಧಾತು. ಗ್ರೀಕರ ಸೂರ್ಯನ ಹೆಸರಿನಿಂದ ಅದು ಹೀಲಿಯಂ ಆಯಿತು. 1895ರಲ್ಲಿ ರಾಮ್ಸೆ ಯುರೇನಿಯಂ ಇರುವ ಒಂದು ಅದಿರಿನಿಂದ ಅದನ್ನು ಹೊರತೆಗೆಯುವ ತನಕ ಸಂಶಯಪಡುವವರು ಬೇಕಾದಷ್ಟಿದ್ದರು. ಇಂದು ದೊಡ್ಡ ಆಸ್ಪತ್ರೆಗಳ ಎಂ.ಆರ್.ಐ. ಯಂತ್ರದ ಕಾಂತವನ್ನು ತಂಪಾಗಿಡುವುದು ಇದೇ ಹೀಲಿಯಂ.

ಹೀಲಿಯಂ ಜಮಖಂಡಿಯಲ್ಲಿ ಪತ್ತೆಯಾಯಿತು ಎಂದು ಅಭಿಮಾನದಿಂದ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಅಲ್ಲಿ ಗೆರೆ ಕಂಡಿತು, ಗುರುತು ಸಿಗಲಿಲ್ಲ. ಆದರೂ ಆ ಊರಿನ ಮಕ್ಕಳ ಶಾಲಾ ಪುಸ್ತಕದಲ್ಲಿ ಈ ದಿನದ ಕುರಿತು ಒಂದು ಪುಟವಾದರೂ ಇರಬೇಕೆಂದು ನನಗೆ ತೋರುತ್ತದೆ. ವಿಜ್ಞಾನವೆಲ್ಲ ಎಲ್ಲೋ ಬೇರೆ ಕಡೆ ನಡೆಯುತ್ತದೆ ಎಂದುಕೊಂಡು ಬೆಳೆಯುವುದು ಒಳ್ಳೆಯದಲ್ಲ. 1980ರ ಫೆಬ್ರವರಿ 16ರಂದು ಅಂಕೋಲಾ, ಹುಬ್ಬಳ್ಳಿ, ರಾಯಚೂರಿನ ಮೇಲೆ ಮತ್ತೆ ಸಂಪೂರ್ಣ ಗ್ರಹಣ ಹಾಯಿತು. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯವರು ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಬಿಡಾರ ಹೂಡಿ ಸೂರ್ಯನ ಪ್ರಭಾವಲಯದ ರೋಹಿತವನ್ನು ತೆಗೆದರು. ನಮ್ಮ ಜನರಲ್ಲಿ ಬಹಳ ಮಂದಿ ಬಾಗಿಲು ಹಾಕಿಕೊಂಡು ಒಳಗೆ ಕುಳಿತಿದ್ದರು.

ಇರಲಿ. ಯಾವ ಧಾತು ಇದೆ ಎಂದು ಗೆರೆ ಹೇಳಿತು. ಎಷ್ಟು ಇದೆ ಎಂಬುದು ಅಷ್ಟು ಸಲೀಸಾಗಿ ಸಿಗಲಿಲ್ಲ. ಜಾತ್ರೆಯಲ್ಲಿ ಗಟ್ಟಿಯಾಗಿ ಕೂಗುವವರೇ ಹೆಚ್ಚು ಜನ ಇದ್ದಾರೆ ಎನ್ನಲಾಗದು ನೋಡಿ. ಸೂರ್ಯನಲ್ಲಿ ಕ್ಯಾಲ್ಸಿಯಂನ ಗೆರೆ ಬಹಳ ದಪ್ಪ, ಆದರೆ ಕ್ಯಾಲ್ಸಿಯಂ ಬಹಳ ಕಡಿಮೆ. ಗೆರೆಯ ದಪ್ಪವು ಬಿಸಿಯನ್ನೂ ಅವಲಂಬಿಸಿದೆ ಎಂಬ ಲೆಕ್ಕವನ್ನು 1920ರಲ್ಲಿ ಕೊಟ್ಟವರು ನಮ್ಮ ಮೇಘನಾದ ಸಹಾ. ಢಾಕಾ ಬಳಿಯ ಹಳ್ಳಿಯ ಒಬ್ಬ ಬಡ ಅಂಗಡಿಕಾರನ ಮಗ. ಆ ಸೂತ್ರವನ್ನು ಹಿಡಿದು 1925ರಲ್ಲಿ ಸಿಸಿಲಿಯಾ ಪೇಯ್ನ್ ಎಂಬ ಇಪ್ಪತ್ತೈದರ ಹೆಣ್ಣುಮಗಳು, ನಕ್ಷತ್ರಗಳಲ್ಲಿ ಇರುವುದೆಲ್ಲ ಬಹುಪಾಲು ಜಲಜನಕ ಮತ್ತು ಹೀಲಿಯಂ ಎಂದು ಲೆಕ್ಕ ಹಾಕಿದಳು. ಹಿರಿಯ ವಿಜ್ಞಾನಿ ರಸೆಲ್ ಇದು ಸಾಧ್ಯವಿಲ್ಲ ಎಂದ. ಪಾಪ, ಆಕೆ ತನ್ನ ಪ್ರಬಂಧದಲ್ಲಿಯೇ ಈ ಫಲಿತಾಂಶ ನಿಜವಿರಲಾರದು ಎಂದು ಬರೆಯಬೇಕಾಯಿತು. ನಾಲ್ಕು ವರ್ಷದ ಮೇಲೆ ರಸೆಲನೇ ಆಕೆ ಹೇಳಿದ್ದು ಸರಿ ಎಂದು ಒಪ್ಪಿದ. ಸೂರ್ಯನ ತೂಕದಲ್ಲಿ ಮುಕ್ಕಾಲು ಪಾಲು ಜಲಜನಕ, ಉಳಿದುದರಲ್ಲಿ ಬಹುತೇಕ ಹೀಲಿಯಂ. ಕಬ್ಬಿಣ, ಆಮ್ಲಜನಕ, ಇಂಗಾಲ ಮೊದಲಾದವೆಲ್ಲ ಸೇರಿ ನೂರಕ್ಕೆ ಎರಡು ಪಾಲೂ ಇಲ್ಲ.

ಆ ಚೂರು ಪಾಲಿನಿಂದಲೇ ಭೂಮಿಯಂಥ ಗ್ರಹಗಳಾಗುವುದು. ವೆರ್ಣಾ ಗುಡ್ಡದ ಕೆಂಪು ಕಲ್ಲಿಗೆ ಬಣ್ಣ ಕೊಟ್ಟ ಕಬ್ಬಿಣ, ಸೂರ್ಯ ಹುಟ್ಟುವ ಮೊದಲೇ ಬಾಳಿ ಸಿಡಿದ ನಕ್ಷತ್ರಗಳಲ್ಲಿ ತಯಾರಾದದ್ದು. ನಕ್ಷತ್ರವೂ ಅದರ ಗ್ರಹಗಳೂ ಒಂದೇ ಮೋಡದಿಂದ ಹುಟ್ಟುವುದರಿಂದ, ತಾಯಿಯನ್ನು ಪರೀಕ್ಷಿಸಿದರೆ ಮಕ್ಕಳ ವಿಚಾರ ಕೊಂಚ ತಿಳಿಯುತ್ತದೆ. ಕಬ್ಬಿಣ ಹೆಚ್ಚಿರುವ ನಕ್ಷತ್ರಗಳ ಸುತ್ತ ಗುರುವಿನಂಥ ದೊಡ್ಡ ಗ್ರಹಗಳು ಹೆಚ್ಚಾಗಿ ಸಿಗುತ್ತವೆಂದು 2005ರಲ್ಲಿ ಸಾವಿರಕ್ಕೂ ಮೀರಿದ ನಕ್ಷತ್ರಗಳ ಪರೀಕ್ಷೆಯಿಂದ ಗೊತ್ತಾಯಿತು.

ಗ್ರಹವನ್ನೇ ನೇರವಾಗಿ ಪರೀಕ್ಷಿಸುವುದೂ ಸಾಧ್ಯವಾಗಿದೆ. ಗ್ರಹವು ತನ್ನ ನಕ್ಷತ್ರದ ಮುಂದೆ ಹಾಯುವಾಗ ಸ್ವಲ್ಪ ಬೆಳಕು ಆ ಗ್ರಹದ ಗಾಳಿಯನ್ನು ದಾಟಿ ಬರುತ್ತದೆ. ಮತ್ತೆ ಅದೇ ನಾಕಾ! ಪೂರ್ವಾಭಾದ್ರಪದಾ ಇರುವ ಆಕಾಶಭಾಗದಲ್ಲಿ, ಸುಮಾರು 160 ಜ್ಯೋತಿರ್ವರ್ಷ ದೂರದ ಒಂದು ನಕ್ಷತ್ರದ ಗ್ರಹದಲ್ಲಿ ಹೀಗೆ ಮೊಟ್ಟಮೊದಲು ಸಿಕ್ಕ ಧಾತು ಯಾವುದು ಬಲ್ಲಿರಾ? ಸೋಡಿಯಂ. ಹಬಲ್ ದೂರದರ್ಶಕದ ಈ ಶೋಧ 2002ರಲ್ಲಿ ಪ್ರಕಟವಾಯಿತು. 2022ರಲ್ಲಿ ಜೇಮ್ಸ್ ವೆಬ್ ದೂರದರ್ಶಕ ಕನ್ಯಾರಾಶಿಯ ಕಡೆಯ ಇನ್ನೊಂದು ಗ್ರಹದಲ್ಲಿ ಕಾರ್ಬನ್ ಡೈಆಕ್ಸೈಡನ್ನು ಸ್ಪಷ್ಟವಾಗಿ ಕಂಡಿತು.

ನಮ್ಮವರೂ ಸುಮ್ಮನೆ ಕುಳಿತಿಲ್ಲ. ಲಡಾಖಿನ ಹಾನ್ಲೆಯಲ್ಲಿ 4500 ಮೀಟರ್ ಎತ್ತರದಲ್ಲಿರುವ ದೂರದರ್ಶಕವನ್ನು ಬೆಂಗಳೂರು ಹತ್ತಿರದ ಹೊಸಕೋಟೆಯಲ್ಲಿ ಕುಳಿತು ಉಪಗ್ರಹದ ಮೂಲಕ ತಿರುಗಿಸಿ ನಕ್ಷತ್ರಗಳ ರೋಹಿತ ತೆಗೆಯುತ್ತಾರೆ. 2023ರ ಆಗಸ್ಟಿನಲ್ಲಿ ಚಂದ್ರಯಾನ-3ರ ಗಾಡಿ ಚಂದ್ರನ ಮಣ್ಣಿಗೆ ಲೇಸರ್ ಹೊಡೆದು, ಕಿಡಿಯ ಬಣ್ಣ ನೋಡಿ ಅಲ್ಲಿ ಗಂಧಕ ಇದೆ ಎಂದಿತು. ಆ ಉಪಕರಣ ತಯಾರಾದದ್ದು ಬೆಂಗಳೂರಿನಲ್ಲಿ.

ಇಷ್ಟಾದರೂ ಜಮಖಂಡಿಯ ತೊಡಕು ಹಾಗೆಯೇ ಇದೆ. 2025ರ ಏಪ್ರಿಲಿನಲ್ಲಿ ಕೇಂಬ್ರಿಜ್‌ನ ನಿಕ್ಕು ಮಧುಸೂದನ್ ಮತ್ತು ಸಂಗಡಿಗರು, ಕೆ2-18ಬಿ ಎಂಬ ಗ್ರಹದಲ್ಲಿ ಒಂದು ಗಂಧಕದ ಅನಿಲದ ಸುಳಿವಿದೆ ಎಂದರು. ಭೂಮಿಯಲ್ಲಿ ಅದನ್ನು ಹೆಚ್ಚಾಗಿ ಉಂಟುಮಾಡುವುದು ಸಮುದ್ರದ ಸೂಕ್ಷ್ಮಜೀವಿಗಳು. ಅನ್ಯಲೋಕದಲ್ಲಿ ಜೀವ ಸಿಕ್ಕಿತು ಎಂದು ಪತ್ರಿಕೆಗಳು ಬರೆದವು. ಆದರೆ ಎರಡು ಬೇರೆ ಅನಿಲಗಳ ಗುರುತು ಅಲ್ಲಿ ಒಂದರ ಮೇಲೊಂದು ಬೀಳುತ್ತದೆ. ಇದು ಅದೋ ಇದೋ ಎಂದು ಶೋಧಿಸಿದವರೇ ಬಿಡಿಸಿ ಹೇಳಲಿಲ್ಲ. ಅದೇ ಅಳತೆಗಳನ್ನು ಮತ್ತೆ ಲೆಕ್ಕ ಹಾಕಿದ ಬೇರೆ ವಿಜ್ಞಾನಿಗಳು ಆಧಾರ ಸಾಲದು ಎಂದಿದ್ದಾರೆ. ಇಂಥ ಸುದ್ದಿ ನಿಮ್ಮ ಮೊಬೈಲಿಗೆ ಬಂದಾಗ ಹಳದಿ ಗೆರೆಯನ್ನು ನೆನೆಯಿರಿ.

ಮನೆಯಲ್ಲಿ ಹಾಡಿನ ಹಳೆಯ ಸಿ.ಡಿ. ಇದ್ದರೆ ಎಸೆಯಬೇಡಿ. ರಾತ್ರಿ ಅದರ ಹೊಳೆಯುವ ಮುಖವನ್ನು ಓರೆಯಾಗಿ ಹಿಡಿದು, ಹಳೆಯ ಬಗೆಯ ಟ್ಯೂಬ್‌ಲೈಟಿನ ಬೆಳಕು ಬೀಳುವಂತೆ ಮಾಡಿ ಮಕ್ಕಳಿಗೆ ತೋರಿಸಿ. ಬಣ್ಣಗಳು ಬೇರೆಬೇರೆ ಪಟ್ಟೆಗಳಾಗಿ ಒಡೆದು ಕಾಣುತ್ತವೆ. ಅವುಗಳಲ್ಲಿ ಎದ್ದು ಕಾಣುವ ಹಸಿರು ಕೊಳವೆಯೊಳಗಿನ ಪಾದರಸ ಮತ್ತು ಬಳಿದ ಪುಡಿಯದು. ತಂತಿಯ ಬಲ್ಬಿಗೆ ಹಿಡಿದರೆ ಬಣ್ಣಗಳು ಎಲ್ಲಿಯೂ ತುಂಡಾಗದೆ ಒಂದರೊಳಗೊಂದು ಕರಗುತ್ತವೆ. ಸೂರ್ಯನಿಗೆ ಮಾತ್ರ ಹಿಡಿಯಬೇಡಿ, ಕಣ್ಣಿಗೆ ಅಪಾಯ. 2027ರ ಆಗಸ್ಟ್ 2ರ ಸಂಜೆ ಗೋವೆಯಲ್ಲಿ ಪಾರ್ಶ್ವ ಸೂರ್ಯಗ್ರಹಣವಿದೆ. ಮಳೆಗಾಲವೇ. ಮೋಡ ಬಿಟ್ಟರೆ, ರಟ್ಟಿಗೆ ಸೂಜಿಯಿಂದ ಒಂದು ತೂತು ಮಾಡಿ, ಬೆಳಕನ್ನು ಬಿಳಿಯ ಕಾಗದದ ಮೇಲೆ ಬೀಳಿಸಿ, ಅಂಗಳದಲ್ಲಿ ನಿಂತು ನೋಡಿ.