ಹೊಸ್ತಿಲು ದಾಟಲಾಗದ ಮನೆ ಯಾರದ್ದು?

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ಹಳೇ ಮನೆಗಳನ್ನ ನೀವು ನೋಡಿರ್ತೀರಿ. ಅಂಗಳದಿಂದ ಮೂರ್ನಾಲ್ಕು ಮೆಟ್ಟಿಲು ಹತ್ತಿದರೆ ಜಗುಲಿ. ಅಲ್ಲಿಂದ ಎತ್ತರದ ಹೊಸ್ತಿಲು. ಬಚ್ಚಲು, ಪಾಯಿಖಾನೆ ಎಷ್ಟೋ ಕಡೆ ಮನೆಯಿಂದ ಹೊರಗೆ. ಮಳೆನೀರು ಒಳಗೆ ಬರಬಾರದು ಅಂತ ಹಿರಿಯರು ಹೀಗೆ ಕಟ್ಟಿದರು. ತಪ್ಪಲ್ಲ. ಆದರೆ ಅದೇ ಮನೆಯಲ್ಲಿ ನಡೆಯಲಾಗದ ಮಗ ಇದ್ದರೆ? ಜೂನ್ ತಿಂಗಳಲ್ಲಿ ಪಾಚಿಗಟ್ಟಿದ ಅಂಗಳ ದಾಟಿ ಅವನು ಹೋಗೋದು ಹೇಗೆ? ಅಮ್ಮ ಎತ್ತಿಕೊಂಡು ಹೋಗ್ತಾಳೆ. ಅಮ್ಮನಿಗೆ ಅರವತ್ತಾದ ಮೇಲೆ ಎತ್ತೋರು ಯಾರು?

ಇನ್ನೊಂದು ಕಷ್ಟ ಕಣ್ಣಿಗೆ ಕಾಣಲ್ಲ. ಹಂಚು ತೆಗೆದು ತಗಡಿನ ಶೀಟು ಹಾಕ್ತೀವಿ. ಜಡಿಮಳೆ ಬಿದ್ದರೆ ಪಕ್ಕದವರ ಮಾತು ಕೇಳಿಸಲ್ಲ. ನಮಗೆ ಅದು ಕಿರಿಕಿರಿ, ಆಟಿಸಂ ಇರುವ ಎಷ್ಟೋ ಮಕ್ಕಳಿಗೆ ಅದು ಹಿಂಸೆ. ಮಗು ಕಿವಿ ಮುಚ್ಚಿಕೊಂಡು ಕಿರುಚಿದರೆ ಹಟ ಅಂತೀವಿ. ಮಿಕ್ಸಿಯ ಸದ್ದು, ಮಿಣುಕುವ ಟ್ಯೂಬ್‌ಲೈಟು, ಅಡಿಕೆ ಬೇಯಿಸುವ ವಾಸನೆ, ಇವೂ ಕೆಲವರಿಗೆ ತಡೆಯಲಾಗಲ್ಲ.

ಪರಿಹಾರಕ್ಕೆ ಬೆಂಗಳೂರಿನ ಆರ್ಕಿಟೆಕ್ಟೇ ಬರಬೇಕಾ? ಬೇಡ. ಇಳಿಜಾರು ದಾರಿಗೆ ಲೆಕ್ಕ ಸರಳ: ಒಂದಡಿ ಎತ್ತರಕ್ಕೆ 12 ಅಡಿ ಉದ್ದ. ಜಗುಲಿ ಎರಡಡಿ ಇದ್ದರೆ 24 ಅಡಿ. ಅಡಿಕೆ ಒಣಗಿಸೋಕೆ ಅಷ್ಟು ದೊಡ್ಡ ಅಂಗಳ ಇಟ್ಟುಕೊಂಡವರಿಗೆ 24 ಅಡಿ ಹೆಚ್ಚಾಯ್ತಾ? ಚಿರೆಕಲ್ಲು ಇದೆ, ಮೇಲ್ಮೈ ಒರಟಾಗಿರಲಿ, ಪಕ್ಕಕ್ಕೊಂದು ಹಿಡಿಕೆ, ಮೇಲೊಂದು ಮಾಡು. ಬಚ್ಚಲ ಬಾಗಿಲು ಮೂರಡಿ ಇರಲಿ, ಹೊರಗೆ ತೆರೆಯಲಿ. ಶೀಟಿನ ಕೆಳಗೆ ಹಲಗೆಯದೋ ಬಿದಿರಿನದೋ ಒಳಮಾಡು ಹಾಕಿ, ಸದ್ದು ತಗ್ಗುತ್ತೆ. ಮಣ್ಣಿನ ದಪ್ಪ ಗೋಡೆಯ, ಮಬ್ಬು ಬೆಳಕಿನ ಹಳೇ ನಡುಮನೆ ಇದೆಯಲ್ಲ, ಅದನ್ನ ಒಡೆಯೋಕೆ ಮೊದಲು ಯೋಚನೆ ಮಾಡಿ. ಗದ್ದಲ ತಾಳದ ಮಗುವಿಗೆ ಅದಕ್ಕಿಂತ ಒಳ್ಳೇ ಜಾಗ ಸಿಗಲಿಕ್ಕಿಲ್ಲ.

ಇನ್ನು ಸರ್ಕಾರದ ವಿಷಯ. 1995ರ ಕಾಯ್ದೆಯಲ್ಲಿ 7 ಬಗೆಯ ವೈಕಲ್ಯ ಇತ್ತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಅದನ್ನ 21 ಮಾಡಿತು, ಆಟಿಸಂ ಕೂಡ ಸೇರಿತು. ಸಾರ್ವಜನಿಕ ಕಟ್ಟಡಗಳಿಗೆ ಬರೀ ಸಲಹೆ ಸಾಲದು, ಕಡ್ಡಾಯ ನಿಯಮ ಬೇಕು ಅಂತ 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟ್ ಹೇಳಿತು. ಸಂತೋಷ. ಆದರೆ ತಾಲ್ಲೂಕು ಕಚೇರಿಗೆ ವರ್ಷಕ್ಕೆ ನಾಲ್ಕು ಸಲ ಹೋದರೆ ಹೆಚ್ಚು. ಮನೆಯಲ್ಲಿ ದಿನಾ ಇರಬೇಕು. ಖಾಸಗಿ ಮನೆಯ ಮೆಟ್ಟಿಲನ್ನ ಯಾವ ಅಧಿಕಾರಿಯೂ ಬಂದು ಅಳೆಯಲ್ಲ.

ವಸತಿ ಯೋಜನೆಗಳಲ್ಲಿ ಮಾತ್ರ ಸರ್ಕಾರ ತಪ್ಪಿಸಿಕೊಳ್ಳೋ ಹಾಗಿಲ್ಲ. ಅದೇ ಕಾಯ್ದೆಯ 37ನೇ ಕಲಂ ಪ್ರಕಾರ ಶೇ. 5 ಮೀಸಲು ಇದೆ. ಪಂಚಾಯಿತಿಯವರೇ, ಕಂತು ಬಿಡುಗಡೆಗೆ ತಳಪಾಯದ ಫೋಟೊ ತೆಗೀತೀರಿ. ಆಗಲೇ ಇಳಿಜಾರಿಗೆ ಜಾಗ ಬಿಟ್ಟಿದ್ದಾರಾ, ಬಾಗಿಲು ಎಷ್ಟು ಅಗಲ ಅಂತ ನೋಡಿ. ನಿಮ್ಮಲ್ಲೇ ಇರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನ ಜೊತೆಗೆ ಕರೆದುಕೊಂಡು ಹೋಗಿ. ವಿಕಲಚೇತನರ ಹೆಸರಲ್ಲಿ ಮಂಜೂರಾದ ಮನೆಗೆ ಅವರೇ ಹತ್ತಲಾಗದಿದ್ದರೆ ಅದು ಯಾರ ಮನೆ?

ನಿಮಗೂ ಒಂದು ಮಾತು. ಈ ಬೇಸಿಗೆಯಲ್ಲಿ ಗಾರೆಯವರನ್ನ ಕರೆಸೋ ಮೊದಲು ಆ ಮನೆಯಲ್ಲಿ ಕಷ್ಟಪಡುತ್ತಿರುವವರನ್ನೇ ಕೇಳಿ. ಮಾತು ಬಾರದ ಮಗುವಾದರೆ ಎರಡು ದಿನ ಸುಮ್ಮನೆ ಗಮನಿಸಿ. ಗದ್ದಲವಾದಾಗ ಯಾವ ಮೂಲೆಗೆ ಓಡುತ್ತೆ ನೋಡಿ. ಆ ಮೂಲೆಯಿಂದಲೇ ಕೆಲಸ ಶುರು ಮಾಡಿಸಿ.